ಕತ್ತಿನ ಮೇಲೆ, ಕತ್ತಿನ ಕೆಳಗೆ

ಬೆಳಗಿನ ಐದೂ ಮುಕ್ಕಾಲು.
ಔಲು ಊರಿನ ಮೇಲೆ ಸೊನ್ನೆಗಿಂತ ಹನ್ನೊಂದು ಕೆಳಗಿನ ಚಳಿ.
ನನ್ನ ಹಣೆಯೊಳಗೆ ಯಾರೋ ಒದ್ದೆ ಕಂಬಳಿ ಮಡಿಚಿಟ್ಟಿದ್ದಾರೆ.
ಬಲ ಹೊಳ್ಳೆ ಪೂರಾ ಬಂದ್. ಎಡದ್ದೊಂದೇ
ಇಬ್ಬರ ಸಂಸಾರವನ್ನು ತೂಗಿಸುತ್ತಿದೆ.

ಕೆಳಗೆ ಅಂಗಳದ ದೀಪದಡಿ ಸೈಕಲ್ಲು.
ಸೀಟಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ,
ಚೀಲದ ಮೇಲೆ ಒಂದು ಗೇಣು ಹಿಮ.

ಮೂರನೇ ಮಹಡಿಯ ವೇಯ್ಕೊ ಹೇಳುವ ಲೆಕ್ಕ ಸುಲಭ:
ಕಾಯಿಲೆ ಕತ್ತಿನ ಮೇಲಿದ್ದರೆ ತುಳಿ,
ಕತ್ತಿನ ಕೆಳಗಿದ್ದರೆ ಮಲಗು.
ಎಪ್ಪತ್ತೆಂಟಾದರೂ ಅವನು ಹಾಲು ತರುವುದು ಸೈಕಲ್ಲಲ್ಲೇ.
ಆದರೆ ನನ್ನ ನೆಗಡಿ ಸರಿಯಾಗಿ ಕತ್ತಿನಲ್ಲೇ ಕೂತಿದೆ,
ಹೊಸ್ತಿಲ ಮೇಲಿನ ಬೆಕ್ಕು,
ಒಳಗೂ ಬಾರದು, ಹೊರಗೂ ಹೋಗದು.
ನುಂಗಿ ನೋಡುತ್ತೇನೆ: ಮೇಲೆ.
ಇನ್ನೊಮ್ಮೆ ನುಂಗುತ್ತೇನೆ: ಕೆಳಗೆ.

ಆರು ಹದಿನೆಂಟಕ್ಕೆ ಬಸ್ಸಿದೆ.
ಬಸ್ಸಿನಲ್ಲಿ ಸೀನಿದರೆ ನಮ್ಮವರು ಏನೂ ಅನ್ನುವುದಿಲ್ಲ,
ಕಿಟಕಿಯತ್ತ ತಿರುಗುತ್ತಾರೆ ಅಷ್ಟೆ,
ಎಲ್ಲರೂ, ಒಟ್ಟಿಗೆ.
ಅದಕ್ಕಿಂತ ಗಾಳಿ ವಾಸಿ. ಗಾಳಿಗೆ ನಾನೇನು ಅಂಟಿಸಬಲ್ಲೆ?

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?
ಇಲ್ಲ. ಉಣ್ಣೆ ಸುತ್ತಿದೆ.
ಕಾಲುಚೀಲದ ಮೇಲೆ ಕಾಲುಚೀಲ, ಜೇಬಿಗೆ ಮೂರು ಕರ್ಚೀಫು.
ಬೀಗ ಹೆಪ್ಪುಗಟ್ಟಿತ್ತು, ತೂತಿಗೆ ಬಾಯಿಟ್ಟು ಊದಿದೆ.
ಕೆಮ್ಮು ಬಂತು.
ಎಲ್ಲಿಂದ ಬಂತು ಅಂತ ಕೇಳಬೇಡಿ,
ಮೇಲಿಂದ ಅಂದುಕೊಂಡೆ.

ಮುಳ್ಳಿನ ಟೈರು ಮಂಜುಗಡ್ಡೆಯ ಮೇಲೆ ಕರಕರ.
ಕಣ್ಣಲ್ಲಿ ನೀರು, ನೀರು ರೆಪ್ಪೆಗೆ ಅಂಟಿ ಹರಳು.
ಚೆನ್ನಾಗಿಯೇ ಇದ್ದೆ, ನಿಜ ಹೇಳಬೇಕೆಂದರೆ.
ಎರಡನೇ ಹೊಳ್ಳೆಯೂ ಒಂದು ನಿಮಿಷ ಬಾಗಿಲು ತೆರೆಯಿತು.

ಸೇತುವೆಯ ಮೇಲೆ ದಿನಾ ಎದುರಾಗುವುದು
ರಟ್ಟಿನ ಕಾರ್ಖಾನೆಯ ವಾಸನೆ,
ಬೇಯಿಸಿದ ಎಲೆಕೋಸು, ಹಳೇ ಮೊಟ್ಟೆ.
ಇವತ್ತು ಇಲ್ಲ.
ಮುಚ್ಚಿದರೇನೋ ಅಂದುಕೊಂಡು ತಲೆಯೆತ್ತಿದೆ.
ಹೊಗೆ ಏಳುತ್ತಿತ್ತು, ನೆಟ್ಟಗೆ, ಬೆಳ್ಳಗೆ.
ಮುಚ್ಚಿದ್ದು ನಾನು.

ಬ್ರೇಕು ಹಿಡಿದೆ.
ಇವತ್ತು ಗುರುವಾರ. ಗುರುವಾರವೆಂದರೆ ಬಟಾಣಿ ಸೂಪು,
ಮುನ್ನೂರ ಹತ್ತು ಮಕ್ಕಳಿಗೆ, ನನ್ನ ಕೈಯಿಂದ.
ಎರಡನೇ ತರಗತಿಯ ಒನ್ನಿ, ಮುಂದಿನ ಎರಡು ಹಲ್ಲಿಲ್ಲದವನು,
ಬಟ್ಟಲು ಚಾಚುವ ಮುಂಚೆ ಪ್ರತಿ ವಾರ ಕೇಳುತ್ತಾನೆ:
ರುಚಿ ನೋಡಿದ್ದೀಯಾ?
ಮೂರು ಸಲ, ಅನ್ನುತ್ತೇನೆ. ಸುಳ್ಳಲ್ಲ.
ಬೆಳಗಿನಿಂದ ನಾನು ಕಾಲುಗಳ ಜೊತೆ ವಾದಿಸುತ್ತಿದ್ದೆ,
ಸೌಟನ್ನು ಒಂದು ಮಾತು ಕೇಳಿರಲಿಲ್ಲ.
ಆ ದೊಡ್ಡ ಹಂಡೆಯ ಮೇಲೆ ಬಗ್ಗಿದಾಗ
ಸೀನು ಬಂದರೆ ಯಾವ ಕಡೆ ತಿರುಗಲಿ?

ಕೈಗವಸು ಕಚ್ಚಿ ಎಳೆದು ಹಿಲ್ಕಳಿಗೆ ಫೋನು ಮಾಡಿದೆ.
ದಾದು, ಇರ್ಬೆಲಿ.
ಯಾರು?
ಇರ್ಬೆಲಿ! ಇವತ್ತು ಬರಲ್ಲ. ಬರುಗ ಬೂರು ಹಿಡಿ ಹಾಕು.
ಏನು ಮೂರು ಹಿಡಿ?
ಬರುಗ! ಬರುಗ! ಹೊಳೆಗೆಲ್ಲ ಕೇಳುವಂತೆ ಕೂಗಿದೆ.
ಆಚೆ ದಡದ ನಾಯಿಯೊಂದು ಬೊಗಳಿತು.
ಅವಳು ನಕ್ಕು, ಮರುಗ ತಾನೆ, ಮಲಗು ಹೋಗು ಅಂದಳು.
ಅಷ್ಟು ಸುಲಭವಾಗಿ ಅಂದಳಲ್ಲ,
ಅದು ಸ್ವಲ್ಪ ಚುಚ್ಚಿತು.

ಸೇತುವೆ ನಟ್ಟನಡುವಿನದು.
ಶಾಲೆಗೆ ಮೂರು ಕಿಲೋಮೀಟರು, ಮನೆಗೂ ಮೂರು.
ಹೋಗದೆಯೂ ಹೋದಷ್ಟೇ ತುಳಿದೆ,
ಅದೂ ಎದುರು ಗಾಳಿಯಲ್ಲಿ.

ಹನ್ನೊಂದಕ್ಕೆ ಹಾಸಿಗೆಯಲ್ಲಿ, ಬಿಸಿ ಕರ್ರಂಟ್ ರಸ
(ಕೆಂಪಗಿತ್ತು, ಅಷ್ಟು ಮಾತ್ರ ಗೊತ್ತಾಯಿತು)
ಕುಡಿಯುತ್ತಿದ್ದಾಗ ಹಿಲ್ಕಳ ಮೆಸೇಜು:
ಒನ್ನಿ ಕೇಳಿದ. ಎರಡು ಸಲ ನೋಡಿದೆ ಅಂದೆ.
ಇರ್ಮೆಲಿ ಮೂರು ಸಲ ನೋಡ್ತಾಳೆ ಅಂದ.
ಆಮೇಲೆ ಎರಡು ಬಟ್ಟಲು ತಿಂದ.

ಓದಿ ಸೀನಿದೆ, ಇಡೀ ಕೋಣೆಗೆ, ಧಾರಾಳವಾಗಿ.
ಸೈಕಲ್ಲಿಗೆ ಬೀಗ ಹಾಕಿದ್ದೆನೋ ಇಲ್ಲವೋ
ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.